ಬಾಬಯ್ಯನ ಹಬ್ಬಕ್ಕೆ ವೀಳ್ಯ ಬರಲಿಲ್ಲ

ಬಾಬಯ್ಯನ ಚಂದ್ರ ಕಂಡಾಯಿತು. ನಮ್ಮ ಮನೆಗೆ ವೀಳ್ಯ ಬರಲೇ ಇಲ್ಲ.

ನಂದಗುಡಿ ಹತ್ತಿರದ ನಮ್ಮ ಊರಿನಲ್ಲಿ ಸಾಬರ ಮನೆಗಳು ಇರುವುದು ಎರಡೇ. ಆದರೂ ಬಾಬಯ್ಯನ ಹಬ್ಬ, ಅಂದರೆ ಮೊಹರಂ, ಊರಿಗೆಲ್ಲ ಸೇರಿದ್ದು.

ಚಂದ್ರ ಕಂಡ ಸಂಜೆ, ಎತ್ತುಗಳಿಗೆ ಲಾಳ ಕಟ್ಟುವ ಪೀರ್‌ಸಾಬರು ವೀಳ್ಯ ತಂದು ನಮ್ಮ ಯಜಮಾನರನ್ನು ಕರೆಯಬೇಕು. ಯಜಮಾನರು ಊರ ಗೌಡರು. ಅವರು ಗುದ್ದಲಿ ಹಿಡಿದು ಹೋಗಿ ಕೆಂಡದ ಗುಂಡಿಗೆ ಮೊದಲ ಏಟು ಹಾಕಬೇಕು. ಆಮೇಲೆಯೇ ಬೆಳ್ಳಿಯ ಹಸ್ತದ ಪಂಜ ಕೂರಿಸುವುದು, ಬಾಬಯ್ಯ ಊರಿಗೆ ಬರುವುದು. ನಮ್ಮತ್ತೆಯ ಅತ್ತೆಯ ಕಾಲದಿಂದಲೂ ಹೀಗೇ.

ನಾನು ಸೋಮವಾರದ ಒಪ್ಪತ್ತು ಬಿಟ್ಟವಳಲ್ಲ. ಭೈರವೇಶ್ವರನಿಗೆ ದೀಪ ಹಚ್ಚದೆ ಬಾಯಿಗೆ ನೀರು ಹಾಕುವವಳಲ್ಲ. ಬಾಬಯ್ಯನಿಗೂ ಕೈ ಮುಗಿಯುತ್ತೇನೆ. ದೇವರು ಬೇರೆ ಬೇರೆಯೇ ಇರಬಹುದು... ಕಷ್ಟ ಹೇಳಿಕೊಳ್ಳುವವಳು ನಾನೊಬ್ಬಳೇ ತಾನೆ.

ಈ ವರ್ಷವಂತೂ ಬಾಬಯ್ಯ ಬರಲೇಬೇಕಿತ್ತು.

ಸೊಸೆ ಗಂಗೆಗೆ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಈ ಸಲ ಕೂಸು ಹೊಟ್ಟೆಯಲ್ಲಿರುವಾಗಲೇ ಹರಕೆ ಕಟ್ಟಿಕೊಂಡೆ. ಉಳಿದರೆ ಬಾಬಯ್ಯನ ಮುಂದೆ ಸಕ್ಕರೆ ಓದಿಸಿ, ಆಮೇಲೆಯೇ ಹೆಸರಿಡುತ್ತೇನೆ ಎಂದು.

ಕೂಸು ಉಳಿಯಿತು. ಈಗ ಗೋಡೆ ಹಿಡಿದು ನಿಲ್ಲುತ್ತದೆ, ಹೆಸರಿಲ್ಲ. ಗಂಗೆ 'ಬಂಗಾರ' ಅನ್ನುತ್ತಾಳೆ, ತಾತ 'ಲೇ ಮುದ್ದೆ' ಅನ್ನುತ್ತಾರೆ. ರೇಷನ್ ಸಕ್ಕರೆಯನ್ನು ಗೌರಿ ಹಬ್ಬಕ್ಕೂ ಮುಟ್ಟದೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ.

ಇದು ಸ್ವರಾಜ್ಯ ಬಂದ ವರ್ಷ. ಸ್ಕೂಲಿನ ಮುಂದೆ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದರು. ಅದರ ಹಿಂದೆಯೇ ಉತ್ತರದ ಕಡೆಯ ಸುದ್ದಿಗಳು ಬಂದವು... ಬೆಂಕಿ, ಕೊಲೆ, ಊರು ಬಿಟ್ಟು ಹೊರಟ ಜನ. ಮೈದುನ ರಂಗಣ್ಣ ಹೊಸಕೋಟೆಯಿಂದ ಪೇಪರ್ ತಂದು ಅರಳಿಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತಿದ್ದ.

ಪೀರ್‌ಸಾಬರು ಕಟ್ಟೆಯ ಕಡೆ ಬರುವುದನ್ನೇ ಬಿಟ್ಟರು.

"ಅವ್ರು ಕರೀದೆ ನಾವು ಗುದ್ಲಿ ಹಿಡ್ಕೊಂಡು ಬಾಗಿಲಿಗೆ ಹೋದ್ರೆ ಏನಂತ ತಿಳ್ಕೋತಾರೆ ಅತ್ತಿಗೆ? ಇಂಥಾ ಕಾಲದಲ್ಲಿ?" ಎಂದ ರಂಗಣ್ಣ.

ಅವನು ಹೇಳಿದ್ದೂ ಸುಳ್ಳಲ್ಲ. ಯಜಮಾನರು ಗುದ್ದಲಿಯ ಮಣ್ಣು ಒರೆಸಿ ಮೂಲೆಗಿಟ್ಟರು.

ಮಾರನೆಯ ದಿನ ನಾನೇ ಕೂಸನ್ನು ಕಂಕುಳಿಗೆ ಏರಿಸಿಕೊಂಡು ಹೊರಟೆ.

ಪೀರ್‌ಸಾಬರು ಜಗುಲಿಯ ಮುಂದೆ ಲಾಳ ತಟ್ಟುತ್ತಿದ್ದರು. ಅವರ ಹೆಂಡತಿ ಜೈನಾಬಿ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಚಾಪೆ ಹಾಸಿದಳು. ಮಳೆಯ ಮಾತು, ಹುರುಳಿಯ ಮಾತು, ಕೂಸಿನ ಹಲ್ಲಿನ ಮಾತು ಎಲ್ಲ ಆಯಿತು. ಬಾಬಯ್ಯನ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಕೊನೆಗೆ ಕೇಳಿಯೇಬಿಟ್ಟೆ. "ಯಾಕಣ್ಣ, ಈ ವರ್ಷ ನಮ್ಮನ್ನ ಬಿಟ್ಬಿಟ್ರಾ?"

ಸುತ್ತಿಗೆ ನಿಂತಿತು.

"ವೀಳ್ಯ ತಂದಿಟ್ರೆ ಗೌಡ್ರು ಬ್ಯಾಡ ಅನ್ನಕ್ಕಾಗಲ್ಲ ತಾಯಿ. ಮನಸಲ್ಲಿ ಇಷ್ಟ ಇಲ್ದಿದ್ರೂ ಎದ್ದು ಬಂದ್ಬಿಡ್ತಾರೆ. ಅವ್ರನ್ನ ಯಾಕೆ ಇಕ್ಕಟ್ಟಿಗೆ ಸಿಕ್ಸೋದು ಅಂತ... ತರಲಿಲ್ಲ."

ನಮ್ಮ ಮನಸ್ಸು ನೋಯಬಾರದೆಂದು ಅವರು ವೀಳ್ಯ ತರಲಿಲ್ಲ. ಅವರು ಹೆದರಬಾರದೆಂದು ನಾವು ಗುದ್ದಲಿ ಎತ್ತಲಿಲ್ಲ. ಬಾಬಯ್ಯ ಪಾಪ, ಊರಾಚೆ ಎಲ್ಲೋ ಕಾಯುತ್ತಾ ನಿಂತಿದ್ದಾನೆ.

"ಜೈನಾಬಿ, ನಿನ್ನ ಎಲೆಯಡಿಕೆ ಚೀಲ ಬಿಚ್ಚು. ನಾನೇ ತಗೊಂಡೋಗಿ ಕೊಡ್ತೀನಿ."

ಹೆಂಗಸರು ಈ ವೀಳ್ಯ ಒಯ್ದದ್ದು ಹಿಂದೆಂದೂ ಇಲ್ಲ. ಪೀರ್‌ಸಾಬರು ಸುತ್ತಿಗೆ ಕೆಳಗಿಟ್ಟರು. ಜೈನಾಬಿ ಎಲೆ ಆರಿಸಿ ಜೋಡಿಸಿದಳು.

"ಸುಣ್ಣ ನೋಡ್ಕೊಂಡು ಹಚ್ಚಕ್ಕ. ಗೌಡ್ರು ಬಾಯಿ ಸುಟ್ಕೊಂಡ್ರೆ, ಸಾಬ್ರ ಮೇಲೆ ಅದೊಂದು ಕೇಸು ಬೇರೆ."

ಜೈನಾಬಿ ನಕ್ಕಳು. ಎಲೆಯನ್ನು ನನ್ನ ಸೆರಗಿನ ತುದಿಗೆ ಕಟ್ಟಿದಳು.

ಮನೆಗೆ ಬಂದು ವೀಳ್ಯವನ್ನು ಯಜಮಾನರ ಮುಂದಿಟ್ಟೆ. ಯಾರು ತಂದದ್ದು ಎಂದರು.

"ಬಾಬಯ್ಯ ಕಳಿಸವ್ನೆ. ಯಾರ ಕೈಲಿ ಅಂತ ಕೇಳ್ಬೇಡಿ."

ಯಜಮಾನರು ಎಲೆಯನ್ನು ಕಣ್ಣಿಗೊತ್ತಿಕೊಂಡು ಎದ್ದರು. ಗುದ್ದಲಿ ತಂದು ಅಣ್ಣನ ಕೈಗೆ ಕೊಟ್ಟವನು ರಂಗಣ್ಣನೇ. "ನಾನೂ ಬರ್ತೀನಿ ನಡಿ," ಅಂದ.

ಆ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಂಜ ಕೂತಿದೆ. ಪೀರ್‌ಸಾಬರು ಲೋಬಾನದ ಧೂಪ ಹಾಕಿ, ಸಕ್ಕರೆಯ ತಟ್ಟೆ ಮುಂದಿಟ್ಟುಕೊಂಡು ನಮಗೆ ತಿಳಿಯದ ಮಾತಿನಲ್ಲಿ ಓದುತ್ತಾರೆ. ನಾನು ಒಳಗೊಳಗೇ ಶಿವಶಿವಾ ಅನ್ನುತ್ತಿದ್ದೇನೆ, ನನಗೆ ಬರುವುದು ಅದೊಂದೇ.

ಗಂಗೆ ಕೂಸನ್ನು ಜೈನಾಬಿಯ ಮಡಿಲಿಗೆ ಹಾಕುತ್ತಾಳೆ. ಸೋದರತ್ತೆ ಕೂಗಬೇಕಾದ ಹೆಸರನ್ನು ಅವಳು ಅದರ ಕಿವಿಯಲ್ಲಿ ಕೂಗುತ್ತಾಳೆ... ಬಾಬಣ್ಣ.

ಕೂಸಿಗೆ ಹೆಸರಿನ ಕಡೆ ಗಮನವೇ ಇಲ್ಲ. ಸಕ್ಕರೆ ನೆಕ್ಕಿ, ಇನ್ನೂ ಬೇಕೆಂದು ಕೈ ಚಾಚುತ್ತಿದೆ.

ಎರಡೂ ಕಡೆ ಒಳ್ಳೆಯವರೇ ಇದ್ದು, ಒಳ್ಳೆಯ ಮನಸ್ಸಿನಿಂದಲೇ ಈ ಹಬ್ಬ ನಿಂತುಹೋಗುತ್ತಿತ್ತು. ನಿಮ್ಮೂರಿನಲ್ಲಿ ಈ ವರ್ಷ ಮೊದಲು ಹೋಗಿ ಕರೆದವರು ಯಾರು?