ಇಂಚಣ್ಣನ ಕಚ್ಚಾ ಹೊಲಿಗೆ

“ಬಾಗಿಲಲ್ಲಿ ಕಾಲಿಡಲಿ, ಮೈಯಳತೆ ಹೇಳ್ತೀನಿ. ಕುರ್ಚಿ ಮೇಲೆ ಕೂತ್ಕೊಳ್ಳಲಿ, ಮನಸ್ಸಿನ ಅಳತೇನೂ ಹೇಳ್ತೀನಿ” ಎಂದು ನಮ್ಮ ಬೀದಿಯ ಟೈಲರ್ ಇಂಚಣ್ಣ ಎದೆ ತಟ್ಟಿಕೊಳ್ಳುತ್ತಿದ್ದ. ಮೈಯಳತೆಯ ಮಟ್ಟಿಗೆ ಅದು ಸುಳ್ಳಲ್ಲ. ಎದುರು ಮಹಡಿಯಲ್ಲಿ ಯಾರಾದರೂ ಒಂದು ತುತ್ತು ಜಾಸ್ತಿ ಉಂಡರೆ, ಇಲ್ಲಿ ಕೂತ ಅವನ ಕೈ ತಾನಾಗಿ ಅವರ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚಲು ಹೋಗುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಬರೀ ಗಿರಾಕಿಗಳ ಸಮಾಧಾನಕ್ಕೆ.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಅದೇ ಅಂಗಡಿಯ ಕಿಟಕಿ ಪಕ್ಕ ಕೂತು ಕಾಜ, ಗುಂಡಿ, ಅಂಚು ನೋಡಿಕೊಳ್ಳುತ್ತಿದ್ದಳು. ಆಕೆ ಗುಂಡಿ ಹೊಲಿದರೆ ಅಂಗಿ ಚಿಂದಿಯಾಗಿ, ಒರೆಸುವ ಬಟ್ಟೆಯಾಗಿ, ಕೊನೆಗೆ ಮಣ್ಣಾಗಿ ಹೋದ ಮೇಲೂ ಗುಂಡಿ ಮಾತ್ರ ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತಿತ್ತು.

ಕಷ್ಟ ಇದ್ದದ್ದು ಇಂಚಣ್ಣನ ಬಾಯಲ್ಲಿ. ಕೈಗೆ ಬೇಗ ಸಿಗಲೆಂದು ಅವನು ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿರುತ್ತಿದ್ದ. ಹಾಗಾಗಿ ಅತ್ತಿಗೆ ಏನು ಕೇಳಿದರೂ ಒಂದೇ ಉತ್ತರ. ಮಗಳ ಶಾಲೆ ಬದಲಾಯಿಸೋಣ್ವಾ? ಹ್ಞೂಂ. ಎಲ್ಲಾದ್ರೂ ಹೋಗಿ ಬರೋಣ್ವಾ? ಹ್ಞೂಂ. ನನಗೆ ಇಲ್ಲಿ ಉಸಿರು ಕಟ್ಟುತ್ತೆ ರೀ. ಹ್ಞೂಂ. ಸಂಜೆ ಅಂಗಡಿ ಮುಚ್ಚಿ ಸೂಜಿ ಡಬ್ಬಿಗೆ ಹಾಕಿದ ಮೇಲೂ ನಾಲಗೆಗೆ ಅದೇ ಅಭ್ಯಾಸ. ಕೊನೆಗೊಂದು ದಿನ ಆಕೆ, “ನಾನು ಬೇರೆ ಹೋಗ್ತೀನಿ. ಬಿಡುಗಡೆ ಕೊಟ್ಟುಬಿಡಿ” ಎಂದಳು. ಅದಕ್ಕೂ ಇವನು ‘ಹ್ಞೂಂ’ ಎಂದು ಗಿರಾಕಿಯೊಬ್ಬರ ಪ್ಯಾಂಟಿಗೆ ಸೀಮೆಸುಣ್ಣದ ಗೆರೆ ಎಳೆದ. ಅವನ ಜನ್ಮದಲ್ಲಿ ಒಂದು ಕಾಲು ಗಿಡ್ಡವಾದ ಪ್ಯಾಂಟು ಅದೊಂದೇ.

ಸುದ್ದಿ ಹಬ್ಬಿದ್ದೇ ತಡ, ಎರಡೂ ಕಡೆಯ ನೆಂಟರು ತೋಳೇರಿಸಿದರು. ಅತ್ತಿಗೆಯ ಅಣ್ಣನಂತೂ ಕೋರ್ಟಿನ ಮೆಟ್ಟಿಲ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವಷ್ಟು ಉತ್ಸಾಹದಲ್ಲಿದ್ದ.

“ಎಳೀ ಅವನನ್ನ ಕಟಕಟೆಗೆ. ಊರೆಲ್ಲ ನೋಡಲಿ.”

“ಊರು ನೋಡಿ ಏನು ಮಾಡುತ್ತೆ ಅಣ್ಣ? ನೋಡೋಳು ನನ್ನ ಮಗಳು. ಅವಳಪ್ಪನ ಮರ್ಯಾದೆ ತೆಗೆದು ನನಗೇನೂ ಆಗಬೇಕಿಲ್ಲ.”

ಹೀಗೆ ಇಂಚಣ್ಣ, ಅತ್ತಿಗೆ ಇಬ್ಬರೂ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಗೆ ಹೋಗತೊಡಗಿದರು. ಅಲ್ಲಿದ್ದ ವಕೀಲಮ್ಮ ಜಗಳ ಹೂಡುವ ವಕೀಲೆಯಲ್ಲ, ಜಗಳ ಬಿಡಿಸುವವರು. ಅವರ ಕರಾರು ಸರಳ: ಗಂಡ ಹೆಂಡತಿ ಮೇಜಿನ ಎದುರುಬದುರು ಕೂತು ಎಲ್ಲವನ್ನೂ ತಾವೇ ಮಾತಾಡಿ ತೀರ್ಮಾನಿಸಬೇಕು, ಯಾರಾದರೂ ಕೇಸು ಹಾಕಿದರೆ ವಕೀಲಮ್ಮ ಎದ್ದು ಹೋಗುವವರೇ.

ಮೊದಲ ದಿನವೇ ಅವರು ಇಂಚಣ್ಣನಿಗೆ, “ಇಲ್ಲಿ ಹ್ಞೂಂ ನಡೆಯೋದಿಲ್ಲ ಯಜಮಾನ್ರೇ. ಪೂರ್ತಿ ವಾಕ್ಯ ಬೇಕು” ಎಂದರಂತೆ.

ಅಲ್ಲಿಂದ ನೋಡಿ, ಅಣೆಕಟ್ಟು ಒಡೆಯಿತು. ಇಷ್ಟು ವರ್ಷ ಒಳಗೆ ಮಡಿಚಿಟ್ಟ ಮಾತೆಲ್ಲ ಹೊರಗೆ ಬಂತು. ಮಗಳು ತಾಯಿಯ ಹತ್ತಿರ ಇರುವುದು, ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬರುವುದು ಎಂದಾಯಿತು. ಕಿಟಕಿ ಪಕ್ಕದ ಮಿಷನ್ ಆಕೆಗೆ. “ಎಣ್ಣೆ ಜಾಸ್ತಿ ಹಾಕಬೇಡ, ಅದಕ್ಕೆ ಆಗಿಬರಲ್ಲ” ಎಂದ ಇವನು. “ನಿಮಗಿಂತ ಅದೇ ನನ್ನ ಹತ್ರ ಜಾಸ್ತಿ ಮಾತಾಡಿದೆ, ನನಗೆ ಗೊತ್ತು” ಎಂದಳು ಆಕೆ. ಇಬ್ಬರೂ ನಕ್ಕರು. ಕೆಳಗಿದ್ದ ಸೈಕಲ್ ಅಂಗಡಿಯವನು, ಮೇಲೆ ಮದುವೆ ಮಾತುಕತೆ ನಡೆಯುತ್ತಿದೆ ಎಂದುಕೊಂಡಿದ್ದನಂತೆ.

ಇಂಚಣ್ಣ ಪ್ರತಿಸಲವೂ ಅಲ್ಲಿಂದ ಒಂದು ಗೇಣು ಎತ್ತರವಾಗಿ ಇಳಿದು ಬರುತ್ತಿದ್ದ. ನನಗೆ ಅನುಮಾನ ಬಂತು.

“ಏನಯ್ಯಾ, ಹೆಂಡತಿಯನ್ನ ಬಿಡೋಕೆ ಹೋಗೋನು ಹೊಸ ಅಂಗಿ ಹಾಕ್ಕೊಂಡು ಹೋಗ್ತೀಯಲ್ಲ?”

“ನಿನಗೆ ನಮ್ಮ ಕಸುಬು ಗೊತ್ತಿಲ್ಲ ಕಣೋ. ಮೊದಲು ಕಚ್ಚಾ ಹೊಲಿಗೆ. ಬಿಳಿ ದಾರದಲ್ಲಿ ಸಡಿಲವಾಗಿ ಹಾಕಿ, ತೊಡಿಸಿ ನೋಡ್ತೀವಿ. ಎಲ್ಲಿ ಹಿಡಿಯುತ್ತೆ, ಎಲ್ಲಿ ಜಗ್ಗುತ್ತೆ ಅಂತ ಗೊತ್ತಾದ ಮೇಲೆ ದಾರ ಎಳೆದು ಬಿಸಾಕಿ ಸರಿಯಾಗಿ ಹೊಲೀತೀವಿ. ಅಲ್ಲಿ ನಡೀತಿರೋದು ಅದೇ. ಅವಳ ಮುಖ ನೋಡಿದೀನಿ. ನನ್ನ ಅಳತೆ ತಪ್ಪಲ್ಲ.”

ಕೊನೆಯ ದಿನ ವಕೀಲಮ್ಮ ಒಪ್ಪಂದವನ್ನು ಓದಿ ಹೇಳಿ, ಇನ್ನೇನಾದರೂ ಇದೆಯೇ ಎಂದು ಕೇಳಿದರು. ಇಂಚಣ್ಣ ಹೆಂಡತಿಯ ಕಡೆ ತಿರುಗಿದ.

“ಎಲ್ಲಿ ಹಿಡೀತಿತ್ತು ಅಂತ ಈಗ ಗೊತ್ತಾಯ್ತಲ್ಲ. ಮನೆಗೆ ಹೋಗೋಣ್ವಾ?”



“ಅಯ್ಯೋ” ಎಂದಳು ಅತ್ತಿಗೆ, ಮೆಲ್ಲಗೆ. “ನೀವು ಹಾಗಂದುಕೊಂಡಿದ್ರಾ?”

“ನೀನು ನಗ್ತಿದ್ದೆಯಲ್ಲ.”

“ಹೊರಡೋದು ಗಟ್ಟಿಯಾದ ಮೇಲೆ ನಗು ಬಂತು ರೀ. ಇನ್ನು ಕಾಯೋದಿಲ್ವಲ್ಲ ಅಂತ. ಈ ಮಾತೆಲ್ಲ ಆಗ ಆಡಿದ್ರೆ ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ. ಈಗ ಆ ಮನೆ ನೆನೆಸ್ಕೊಂಡ್ರೆ ಕಾದಿದ್ದೇ ನೆನಪಾಗುತ್ತೆ.”

ವಕೀಲಮ್ಮ ಕನ್ನಡಕ ತೆಗೆದಿಟ್ಟರು. “ನೋಡಿ ಯಜಮಾನ್ರೇ, ಬಲವಂತ ಇಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಸಹಿ ಮಾಡಬೇಡಿ. ಆಗ ಅವರು ಕೋರ್ಟಿಗೇ ಹೋಗಬೇಕಾಗುತ್ತೆ. ಅದು ಮುಗಿಯೋಕೆ ವರ್ಷಗಟ್ಟಲೆ ಹಿಡಿಯುತ್ತೆ.”

ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಿಚುತ್ತ ಬಿಚ್ಚುತ್ತ ಇದ್ದವಂತೆ. ಇಂಚಣ್ಣ ಸ್ವಲ್ಪ ಹೊತ್ತು ಆ ಬೆರಳುಗಳನ್ನೇ ನೋಡಿ ಪೆನ್ನು ತೆಗೆದುಕೊಂಡ.

ಒಪ್ಪಂದಕ್ಕೆ ನ್ಯಾಯಾಧೀಶರ ಮುದ್ರೆ ಬೀಳುವ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬಂದರು. ಕಿಟಕಿ ಸೀಟನ್ನು ಇವನೇ ಆಕೆಗೆ ಬಿಟ್ಟುಕೊಟ್ಟನಂತೆ. ಆಮೇಲೆ ಮಿಷನ್ ಹೊರಟಿತು. ಅದಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆ ಇತ್ತು. ಅಲ್ಲಿ ಏನನ್ನಾದರೂ ಇಡು ಎಂದು ನಾವು ಹೇಳಿದೆವು. ಇವನು ಇಡಲಿಲ್ಲ. ಕಾಜವನ್ನೂ ತಾನೇ ಮಾಡತೊಡಗಿದ. ಅವು ಎಷ್ಟು ಸೊಟ್ಟಗಿದ್ದವೆಂದರೆ, ಗುಂಡಿ ಹಾಕಿಕೊಂಡವರು ರಸ್ತೆಯಲ್ಲಿ ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದರು.

ಮೊನ್ನೆ ಅತ್ತಿಗೆ ಮಗಳನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತು ಇವನ ಜೊತೆ ಚೆನ್ನಾಗಿಯೇ ಮಾತಾಡಿದಳು. ಕೆಮ್ಮಿಗೆ ಔಷಧಿ ತಗೊಳ್ಳಿ ಎಂದಳು. ಇವನೂ ಪೂರ್ತಿ ವಾಕ್ಯದಲ್ಲೇ ಉತ್ತರ ಕೊಟ್ಟ. ಆಕೆ ತಿರುವಿನಲ್ಲಿ ಮರೆಯಾಗುವವರೆಗೂ ಕತ್ತರಿ ಹಿಡಿದ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತ್ತು.

ಸಮಾಧಾನ ಹೇಳೋಣವೆಂದು ನಾನು ಬಾಯಿಬಿಟ್ಟೆ. “ನೀನು ಪುಣ್ಯವಂತ ಕಣಯ್ಯಾ. ಕೋರ್ಟಿಗೆ ಬಿದ್ದಿದ್ರೆ ಇನ್ನೂ ಹತ್ತು ವರ್ಷ ಎಳೆದಾಡಬೇಕಿತ್ತು.”

“ಹೌದು” ಎಂದ ಇಂಚಣ್ಣ. “ಇನ್ನೂ ಹತ್ತು ವರ್ಷ ಅವಳು ನನ್ನ ಹೆಂಡ್ತಿಯಾಗೇ ಇರ್ತಿದ್ದಳು.”