ಕೌದಿಯ ಹಸಿವು

ಯಾವುದನ್ನೂ ಬಿಸಾಡಲಾಗದ ರೋಗ ನನಗಿದೆ. ರಾಯಚೂರಿನ ನಮ್ಮ ಮನೆಯ ಅಟ್ಟದಲ್ಲಿ ಕಡ್ಡಿ ಮುರಿದ ಮೂರು ಕೊಡೆ, ಮಾತು ಬಿಟ್ಟ ರೇಡಿಯೊ, ಒಂದು ಕಾಲಿಲ್ಲದ ಕುರ್ಚಿ ಎಲ್ಲವೂ ಸುಖವಾಗಿವೆ. ಹೆಂಡತಿ ಪೊರಕೆ ಹಿಡಿದು ಅತ್ತ ನಡೆದರೆ ಸಾಕು, ಅಡ್ಡ ನಿಲ್ಲುತ್ತೇನೆ. ತಮಾಷೆಯೆಂದರೆ, ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ನಮ್ಮ ಒಂದೊಂದು ಜೀವಕೋಶವೂ ತನ್ನೊಳಗಿನ ಹಳೆಯ, ಕೆಟ್ಟ ಸಾಮಾನನ್ನು ತಾನೇ ತಿಂದು ಅದರಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆ, ಇದಕ್ಕೆ ಆಟೊಫಜಿ ಎನ್ನುತ್ತಾರೆ ಎಂದು ಪ್ರತಿವರ್ಷ ಪಾಠ ಹೇಳಿ, ಸಂಜೆ ಮನೆಗೆ ಬಂದು ಅಟ್ಟಕ್ಕೆ ಇನ್ನೊಂದು ಖಾಲಿ ಡಬ್ಬಿ ಏರಿಸುತ್ತಿದ್ದೆ.

ಈ ಸಂಗ್ರಹದಲ್ಲಿ ಎಲ್ಲಕ್ಕಿಂತ ದೊಡ್ಡದು ಅವ್ವನ ಟ್ರಂಕು. ಅವ್ವ ಹೋಗಿ ಹನ್ನೆರಡು ವರ್ಷವಾದರೂ ಅವಳ ಸೀರೆಗಳು ಅದರಲ್ಲಿ ಮಡಿಕೆ ಬಿಚ್ಚದೆ ಮಲಗಿದ್ದವು. ಮಾನ್ವಿಯಲ್ಲಿರುವ ಅಕ್ಕನಿಗೆ ಅವುಗಳ ಮೇಲೆ ಕಣ್ಣು. ಅವಳ ಮಗಳು ಮಹಾದೇವಿ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಐದನೆಯ ತಿಂಗಳಲ್ಲಿ ಕೂಸು ದೇವದುರ್ಗದ ಅಪ್ಪನ ಮನೆಗೆ ಹೋಗುವಾಗ ಹಳೆಯ ಸೀರೆಗಳನ್ನು ಹರಿದು ಹೊಲಿದ ಹೊದಿಕೆ, ಕೌದಿಯೂ ಜೊತೆಗೆ ಹೋಗಬೇಕು, ನಮ್ಮ ಮನೆತನದ ಪದ್ಧತಿ ಅದು. ಮುತ್ತಜ್ಜಿಯ ಸೀರೆಗಳಿಂದಲೇ ಆಗಲಿ ಎಂದು ಅಕ್ಕನ ಆಸೆ. ನಾನು ಬರುವ ಸೋಮವಾರ ನೋಡೋಣ ಎನ್ನುತ್ತ ಸೋಮವಾರಗಳನ್ನು ನೂಕುತ್ತಿದ್ದೆ.

ಅಷ್ಟರಲ್ಲಿ ಜ್ವರ ಬಂತು. ವೈರಲ್ಲು, ನೀರು ಕುಡಿಯುತ್ತ ಮಲಗಿರಿ ಎಂದರು ಡಾಕ್ಟರು. ಮಲಗಿದವನಿಗೆ ಹಳೆಯ ಪಾಠವೇ ನೆನಪಾಯಿತು. ಒಳನುಗ್ಗಿದ ವೈರಸ್ಸಿಗೂ ಜೀವಕೋಶ ಕಸಕ್ಕೆ ಮಾಡಿದ್ದನ್ನೇ ಮಾಡುತ್ತದೆ. ಮೊದಲು ಅದಕ್ಕೊಂದು ಗುರುತು ಅಂಟಿಸುತ್ತದೆ. ಗುರುತು ಕಂಡಲ್ಲಿ ತೆಳ್ಳನೆಯ ಪೊರೆಯೊಂದು ಮೂಡಿ, ಬೆಳೆದು, ವೈರಸ್ಸನ್ನು ಸುತ್ತಿಕೊಂಡು ಚೀಲವಾಗುತ್ತದೆ. ಅರಗಿಸುವ ರಸ ತುಂಬಿದ ಇನ್ನೊಂದು ಚೀಲದೊಡನೆ ಅದು ಬೆರೆತರೆ ವೈರಸ್ಸಿನ ಕಥೆ ಮುಗಿಯಿತು. ಉಳಿದ ಚೂರುಗಳೂ ಹಾಳಾಗುವುದಿಲ್ಲ. ಕೆಲವನ್ನು ಮೈಯ ಕಾವಲುಗಾರರಿಗೆ ಕಳ್ಳನ ಮುಖ ಪರಿಚಯವಾಗಲೆಂದು ತೋರಿಸುತ್ತದೆ, ಮಿಕ್ಕವು ಮನೆಖರ್ಚಿಗೆ. ಎಲ್ಲ ವೈರಸ್ಸುಗಳೂ ಇದಕ್ಕೆ ಬಗ್ಗುವುದಿಲ್ಲ ಅನ್ನಿ. ಕೆಲವು ಕಿಲಾಡಿಗಳು ಹಿಡಿಯಲು ಬಂದ ಚೀಲದಲ್ಲೇ ಸಂಸಾರ ಹೂಡುತ್ತವೆ.

ಹೊಟ್ಟೆ ಖಾಲಿಯಿದ್ದರೆ ಜೀವಕೋಶ ಈ ಕೆಲಸಕ್ಕೆ ಇನ್ನಷ್ಟು ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದೆ. ಅರ್ಧ ಓದಿದ ವಿದ್ಯೆಯ ಧೈರ್ಯದಲ್ಲಿ ಎರಡು ದಿನ ಗಂಜಿ ಬೇಡವೆಂದೆ. ಮೂರನೆಯ ದಿನ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಕುಸಿದೆ. ಸುದ್ದಿ ಕೇಳಿ ಮಾನ್ವಿಯಿಂದ ಬಂದ ಅಕ್ಕ ಬಟ್ಟಲನ್ನು ನೇರವಾಗಿ ಬಾಯಿಗೇ ಹಿಡಿದಳು.

“ನಿನ್ನ ಜೀವಕೋಶ ಏನರ ಮಾಡ್ಲಿ, ನೀ ಮೊದಲ ಗಂಜಿ ಕುಡಿ” ಅಂದಳು.

ಕುಡಿದೆ. ಅವಳು ಹಣೆಗೆ ಒದ್ದೆ ಬಟ್ಟೆ ಇಟ್ಟಾಗ ಅವ್ವ ನೆನಪಾದಳು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅವ್ವ ತನ್ನ ಹಸಿರು ಇಳಕಲ್ ಸೀರೆಯ ಸೆರಗನ್ನೇ ತೋಯಿಸಿ ಹಣೆಗೆ ಇಡುತ್ತಿದ್ದಳು. ಜ್ವರ ಇಳಿದ ದಿನ ಹಟವೂ ಕೊಂಚ ಇಳಿಯಿತು. ಟ್ರಂಕಿನ ಸೀರೆಗಳನ್ನು ಅಕ್ಕನಿಗೆ ಗಂಟು ಕಟ್ಟಿಕೊಟ್ಟೆ. ಹಸಿರು ಇಳಕಲ್ಲನ್ನೂ ಅಕ್ಕ ಕಣ್ತುಂಬ ನೋಡಿ ಮರಳಿಸಲೆಂದು ಗಂಟಿನಲ್ಲೇ ಇಟ್ಟು, ಅದಕ್ಕೆ ಮಾತ್ರ ಕೆಂಪು ದಾರ ಕಟ್ಟಿದೆ. ಮುಟ್ಟಬೇಡಿ ಎಂಬುದು ಅದರ ಅರ್ಥ. ಬಾಯಿಬಿಟ್ಟು ಹೇಳಲಿಲ್ಲ, ಅಕ್ಕನಿಗೆ ಇಷ್ಟೂ ತಿಳಿಯದೇ ಎಂದುಕೊಂಡೆ.

ವಾರ ಬಿಟ್ಟು ಮಾನ್ವಿಗೆ ಹೋದರೆ, ಅಕ್ಕನ ಮನೆಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಕೌದಿಯ ನಾಲ್ಕು ಅಂಚು ಹಿಡಿದು ಹೊಲಿಯುತ್ತಿದ್ದರು. ನಟ್ಟನಡುವೆ ಅವ್ವನ ಹಸಿರು, ಚೌಕ ಚೌಕವಾಗಿ. ದಾರ ಕಟ್ಟಿದ್ದು ಕಾಣಲಿಲ್ಲವೇ ಎಂದು ಕೇಳಿದೆ.

“ದಾರ ಕಟ್ಟಿದ್ದಕ್ಕಽ ಮೊದಲ ಅದನ್ನ ಹರದೀವಿ ತಮ್ಮಾ,” ಅಂದಳು ಅಕ್ಕ. “ಕೌದಿ ಹೊಲಿಯೋರು ಹರಿಯೋ ಸೀರಿಗೇ ದಾರ ಕಟ್ತಾರ.”

ಜೀವಕೋಶದಲ್ಲೂ ಗುರುತು ಬಿತ್ತೆಂದರೆ ಅದನ್ನು ತಿನ್ನು ಎಂದೇ ಅರ್ಥ. ಮೂವತ್ತು ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆದವನು ಮನೆಯಲ್ಲಿ ಉಲ್ಟಾ ಮಾಡಿದ್ದೆ. ಅದು ಹೊಳೆದಾಗ ನಗು ಬರಲಿಲ್ಲ. ಬೇವಿನ ಗಿಡದ ಕೆಳಗೆ ಹೋಗಿ ಕೂತು ಅತ್ತುಬಿಟ್ಟೆ. ಅಕ್ಕ ಬಂದು ಪಕ್ಕದಲ್ಲಿ ಕೂತು ಹಸಿರು ಸೀರೆಯ ಉಳಿದ ತುಂಡನ್ನು ಬಿಸಿಲಿಗೆ ಹಿಡಿದಳು. ಹನ್ನೆರಡು ವರ್ಷದ ಮಡಿಕೆಯುದ್ದಕ್ಕೂ ನೇಯ್ಗೆ ತಾನಾಗಿಯೇ ಬಿರಿದಿತ್ತು, ಅಲ್ಲಲ್ಲಿ ಹುಳುವಿನ ತೂತು. ನಾನು ಕಾಪಾಡಿದ್ದು ಇಷ್ಟೇ. ಅವಳ ಕಣ್ಣೂ ತುಂಬಿತ್ತು, ಅವ್ವ ಅವಳಿಗೂ ಅವ್ವನೇ ಅಲ್ಲವೇ.

ಸಂಜೆಗೆ ಹೊಲಿಗೆ ಮುಗಿದು, ಮೂಲೆಯಲ್ಲಿ ಒಂದು ಸಂದಿ ಮಾತ್ರ ಉಳಿಯಿತು. ಅಕ್ಕ ನನ್ನ ಕೈಗೆ ಹೋಳಿಗೆಯ ಚೂರು ಕೊಟ್ಟು ಒಳಗಿಡು ಎಂದಳು.

“ಕೌದಿ ಹಸಕೊಂಡು ಹೋಗಬಾರದು.”

ಅವ್ವನ ಅಷ್ಟೂ ಸೀರೆ ತಿಂದ ಮೇಲೂ ಇದಕ್ಕೆ ಹಸಿವೇ ಎಂದೆ. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಹೋಳಿಗೆ ಒಳಗೆ ಹೋಯಿತು, ಸಂದಿ ಮುಚ್ಚಿತು.

ಮೊನ್ನೆ ದೇವದುರ್ಗದಿಂದ ಮಹಾದೇವಿ ವಿಡಿಯೊ ಕಳಿಸಿದ್ದಳು. ಕೂಸಿಗೆ ಹಲ್ಲು ಬರುತ್ತಿದೆಯಂತೆ. ಕೌದಿಯ ನಡುವಿನ ಹಸಿರನ್ನು ಎರಡೂ ಮುಷ್ಟಿಯಲ್ಲಿ ಎಳೆದುಕೊಂಡು, ಬಾಯಿ ತುಂಬ ತುರುಕಿ, ಶ್ರದ್ಧೆಯಿಂದ ಜಗಿಯುತ್ತಿತ್ತು. ಹನ್ನೆರಡು ವರ್ಷ ಟ್ರಂಕಿನಲ್ಲಿ ಒಣಗಿದ್ದ ಅವ್ವನ ಸೀರೆ ಮತ್ತೆ ಒದ್ದೆಯಾಗಿತ್ತು.