ಹುಣಸೆಹಣ್ಣಿನಲ್ಲಿ ತೊಳೆದ ಬಂದೂಕು

ಇಂದು ಬೆಳಿಗ್ಗೆ ಅವ್ವ ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಆ ಹುಳಿ ವಾಸನೆಗೆ ಹಳಿಯಾಳದ ಬಂದೂಕು ರಿಪೇರಿಯ ಉಸ್ತಾದರು ನೆನಪಾದರು. ಹಳೆಯ ಡೈರಿ ತೆಗೆದೆ. ಅವರನ್ನು ನಾನು ಕಂಡದ್ದು ಒಂದೇ ಸಲ, ಒಂದು ಗುರುವಾರ, ಹನ್ನೊಂದೂಕಾಲಿನಿಂದ ಒಂದೂವರೆಯ ತನಕ.

ಅದಕ್ಕೆ ನಾಲ್ಕು ದಿನ ಮೊದಲು, ಹಳೆಯ ಬಂದೂಕುಗಳ ಮೇಲೆ ಪುಸ್ತಕ ಮಾಡುತ್ತಿದ್ದ ಗೋವಾದ ಸಾಹೇಬರೊಬ್ಬರು ಕೋಗಿಲಬನದ ನಮ್ಮ ಮನೆಗೆ ಬಂದಿದ್ದರು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದಿದ್ದ ಮದ್ದು ತುಂಬುವ ಬಂದೂಕು ನಮ್ಮಲ್ಲಿತ್ತು. ಅದು ತನ್ನ ಅಜ್ಜನ ಕಾಲದ್ದೆಂದು ಅಜ್ಜಿಗೆ ಅವಳ ಅಪ್ಪ ಹೇಳಿದ್ದ. ಬರುವವರು ದೊಡ್ಡವರೆಂದು ಅಜ್ಜಿ ನಸುಕಿಗೇ ಎದ್ದು ಹುಣಸೆಹಣ್ಣು, ಬೂದಿ ಹಾಕಿ ಅದನ್ನು ಥಳಥಳ ತೊಳೆದಿಟ್ಟಿದ್ದಳು. ಸಾಹೇಬರು ನಳಿಗೆಯ ಮೇಲೆ ಬೆರಳಾಡಿಸಿ, ಇದು ಈಚಿನ ನಕಲು ಎಂದರು. ಚಹಾ ಕುಡಿಯದೆ ಹೋದರು.

"ಹಂಗಾರ ನಮ್ಮಪ್ಪ ನನಗ ಸುಳ್ಳ ಹೇಳಿದ್ನೇನ?"

ಅಜ್ಜಿ ಕೇಳಿದ್ದು ಅದೊಂದೇ. ನಾಲ್ಕು ದಿನಕ್ಕೆ ಮೂರೇ ರೊಟ್ಟಿ ತಿಂದಳು ಎಂದು ಡೈರಿಯಲ್ಲಿದೆ.

ಆ ಗುರುವಾರ ಬಂದೂಕು ಹಿಡಿದು ಅಜ್ಜಿಯನ್ನು ಹಳಿಯಾಳಕ್ಕೆ ಕರೆದುಕೊಂಡು ಹೋದೆ. ಉಸ್ತಾದರು ಹೊಳಪಿನ ಮಾತೆತ್ತಲಿಲ್ಲ. ಕನ್ನಡಕ ಒರೆಸಿಕೊಂಡು ಬದಿಯ ತಗಡಿನ ನಾಲ್ಕು ಸ್ಕ್ರೂ ಬಿಚ್ಚಿದರು. ಅವುಗಳ ತಲೆಯಡಿ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಗೀರು. ತೂತುಗಳ ಅಂಚಿನಲ್ಲೂ ಅಷ್ಟಷ್ಟೇ. ಅರದಿಂದ ಕೈಯಲ್ಲಿ ಮಾಡಿದ ಸ್ಕ್ರೂ ತನ್ನ ತೂತಿಗಷ್ಟೇ ಕೂರುತ್ತದೆ, ಯಂತ್ರದ್ದಾದರೆ ಎಲ್ಲಿ ಬೇಕಾದರೂ ಕೂರುತ್ತದೆ ಎಂದು ಹೇಳಿ, ಮೂರನೆಯದನ್ನು ಎರಡನೆಯ ತೂತಿಗೆ ಹಾಕಲು ನನಗೆ ಕೊಟ್ಟರು. ಅರ್ಧ ಸುತ್ತಿಗೇ ನಿಂತಿತು. ಹುಣಸೆಹಣ್ಣು ತಗಲದ ತಗಡಿನ ಒಳಮೈ ಕಾಕಂಬಿಯ ಹಾಗೆ ಕಪ್ಪಗಿತ್ತು.

"ಅಸಲಿ ಐತಿ ಅವ್ವಾ. ನಿಮ್ಮ ಅಪ್ಪಾರಕಿಂತ ಎರಡು ತಲಿ ಹಿಂದಿಂದು. ಅವರು ಖರೇನ ಹೇಳ್ಯಾರ."

"ಮತ್ತ ಆ ಸಾಹೇಬ್ರು ಯಾಕ ನಕಲಿ ಅಂದ್ರು?"

"ಮನಿಗೆ ಬಂದು ಚಹಾ ಬಿಟ್ಟು ಹೋದವರ ಮಾತ ಏನ ಹಿಡೀತೀರಿ?"

ಅಜ್ಜಿ ನಕ್ಕಳು. ಅವರ ಅಂಗಡಿಯಲ್ಲಿ ಎರಡು ಕಪ್ ಚಹಾ ಕುಡಿದಳು.

ಹೊರಡುವಾಗ ಅವಳು ಮೆಟ್ಟಿಲಿಳಿದ ಮೇಲೆ ಉಸ್ತಾದರು ನನ್ನನ್ನು ನಿಲ್ಲಿಸಿದರು. "ಬೇಟಿ, ಮ್ಯಾಲಿನ ಬಣ್ಣದಾಗ ಇದರ ವಯಸ್ಸಿತ್ತು. ತೊಳದ ಹೋಗೇತಿ, ತಿರಗಿ ಬರೂದಿಲ್ಲ. ಅಜ್ಜಿಗೆ ಹೇಳಬ್ಯಾಡ."

ಹೇಳಲಿಲ್ಲ. ಮುಂದೆಯೂ ಪ್ರತಿ ಆಯುಧಪೂಜೆಗೆ ಅಜ್ಜಿ ಅದನ್ನು ಹಾಗೆಯೇ ತಿಕ್ಕಿ ತೊಳೆದಳು, ಒಟ್ಟು ಐದು ಸಲ. ಐದು ಸಲವೂ ನೀರು ಹೊಯ್ದವಳು ನಾನೇ...

ಅಜ್ಜಿ ಹೋಗಿ ಎರಡು ವರ್ಷವಾಯಿತು. ಉಸ್ತಾದರು ಅವಳಿಗಿಂತ ಮೊದಲೇ ತೀರಿಕೊಂಡಿದ್ದರಂತೆ. ನನಗೆ ತಿಳಿದದ್ದು ಹೋದ ತಿಂಗಳು, ಹಳಿಯಾಳಕ್ಕೆ ಹೋದಾಗ. ಈ ಮಾತನ್ನು ಇನ್ನಾದರೂ ಬರೆಯಬಹುದೇ ಎಂದು ಅವರನ್ನೇ ಕೇಳೋಣವೆಂದು ಹೋಗಿದ್ದೆ.